ಇಲ್ಲದ ಆಜ್ಞೆಯನ್ನು ಬಳಸುವ ವಿಧಾನ

ಒದ್ದೆಕೈಗೆ ಆ ಹೆಸರು ಬಂದದ್ದು ಇಸ್ತ್ರಿಪೆಟ್ಟಿಗೆಯಿಂದ. ಅದಕ್ಕೂ ಮೊದಲು ಅವನಿಗೊಂದು ಹೆಸರಿತ್ತು, ಅಪ್ಪ ಅಮ್ಮ ಆಸೆಪಟ್ಟು ಇಟ್ಟದ್ದು. ಆದರೆ ಬೀದಿ ಒಂದು ಹೆಸರು ಹಿಡಿಯಿತೆಂದರೆ ಹೆತ್ತವರ ಮಾತನ್ನು ಯಾರು ಕೇಳುತ್ತಾರೆ? ಮನೆಬಳಕೆಯ ಯಂತ್ರಗಳ ಕಾರ್ಖಾನೆಯೊಂದರಲ್ಲಿ, ಪೆಟ್ಟಿಗೆಯೊಳಗೆ ಮಡಚಿ ಇಡುವ ಸೂಚನೆಯ ಹಾಳೆ ಬರೆಯುವುದು ಅವನ ಕೆಲಸವಾಗಿತ್ತು. ಮೊದಲ ಹಾಳೆ ಅಚ್ಚಾಗಿ ಬಂದ ದಿನ ಅದನ್ನು ಹಿಡಿದುಕೊಂಡು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮನೆಮನೆಗೂ ತೋರಿಸಿ ಬಂದ. ಮೊದಲ ಸಾಲು, ‘ಒದ್ದೆ ಕೈಯಿಂದ ಮುಟ್ಟಬಾರದು’. ಅವನು ಗಟ್ಟಿಯಾಗಿ ಓದುವುದು, ಕೇಳಿದವರು ತಮ್ಮ ಕೈಯನ್ನು ಸೀರೆಗೋ ಲುಂಗಿಗೋ ಒರೆಸಿಕೊಳ್ಳುವುದು, ಹೀಗೆ ನಡೆದು ಸಂಜೆಯೊಳಗೆ ಹೆಸರು ಖಾಯಂ ಆಯಿತು. ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ. ಬರಹಗಾರನನ್ನು ಅವನ ಕೃತಿಯಿಂದ ಕರೆದರೆ ಅದು ಗೌರವವೇ ಎಂದು ಅವನ ವಾದ.

ಅಂಥವನಿಗೆ ಹೊಸ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮೂರು ಆಯಾಮದ ಚಿತ್ರ ಬಿಡಿಸುವ ತಂತ್ರಾಂಶ ಮಾಡುವ ಕಂಪನಿ. ಸೇರಿದ ವಾರವೇ ಊಟಕ್ಕೆ ಕೂತಾಗ ಮಾವ ವಿಚಾರಣೆ ತೆಗೆದರು. ಮಾವ ಎಂದರೆ ಹೆಂಡತಿಯ ಅಪ್ಪ, ಶಾಲೆಗಳ ತನಿಖಾಧಿಕಾರಿಯಾಗಿ ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ತನಿಖೆಗೆ ಶಾಲೆ ಇಲ್ಲದ್ದರಿಂದ ಅಳಿಯನನ್ನು ಇಟ್ಟುಕೊಂಡಿದ್ದರು.

“ಅಳಿಯಂದ್ರದು ಈಗ ಏನು ಕೆಲಸ?”

“ಸ್ಕ್ರಿಪ್ಟಿನ ಕೈಪಿಡಿ ಬರೆಯೋದು ಮಾವ. ಈಗ ಕಂಪ್ಯೂಟರಿನಲ್ಲಿ ಒಂದು ಕುರ್ಚಿ ಬಿಡಿಸಿದ್ದೀರಿ ಅನ್ನಿ. ಅದು ಬರೀ ಮುಂದಿನಿಂದ ಕಾಣೋ ಕುರ್ಚಿ ಅಲ್ಲ. ಹಿಂದೆ ಹೋಗಿ ನೋಡಬಹುದು, ಬಗ್ಗಿ ಅಡಿ ನೋಡಬಹುದು. ನಿಮಗೆ ಸಭಾಂಗಣ ತುಂಬ ಕುರ್ಚಿ ಬೇಕು. ಒಂದೊಂದನ್ನೇ ಮೌಸಿನಲ್ಲಿ ಎಳೆದು ಇಡ್ತಾ ಕೂತ್ರೆ ಸಭೆ ಮುಗಿದೇ ಹೋಗುತ್ತೆ. ಅದಕ್ಕೆ ಬದಲು ಒಂದು ಸಾಲು ಆಜ್ಞೆ ಬರೆದ್ರೆ ಸಾಕು, ಅಷ್ಟೂ ಕುರ್ಚಿ ತಾವೇ ಬಂದು ನಿಲ್ತವೆ. ಅದೇ ಸ್ಕ್ರಿಪ್ಟು.”

“ಆ ಆಜ್ಞೆ ಮಾಡೋರು ಯಾರು?”

ಮಾಡುವವರು ಪ್ರೋಗ್ರಾಮರುಗಳು, ಹೇಗೆ ಬಳಸಬೇಕೆಂದು ಬರೆಯುವವನು ತಾನು. ಇಷ್ಟು ನಿಜ ಹೇಳಿ ಕೈ ತೊಳೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಳಿಯನಾದವನು ಮಾವನ ಎದುರು ನಿಜ ಹೇಳಿ ಉದ್ಧಾರವಾದ ದಾಖಲೆ ಎಲ್ಲೂ ಇಲ್ಲ.

“ನಾನು ಬರೆದ ಹಾಗೆ ಕಂಪ್ಯೂಟರ್ ನಡೆಯುತ್ತೆ ಮಾವ,” ಎಂದುಬಿಟ್ಟ.

ಹೆಂಡತಿ ಸೌಟನ್ನು ಪಾತ್ರೆಗೆ ಒಮ್ಮೆ ಬಡಿದಳು. ಮಾವ ಮಾತ್ರ ಮೆಚ್ಚಿ, ಪಕ್ಕದ ಮನೆಯ ಹಲ್ಲು ಮೇಸ್ತ್ರಿಗೆ ಆ ದಿನವೇ ಸುದ್ದಿ ಮುಟ್ಟಿಸಿದರು. ಹಲ್ಲು ಮೇಸ್ತ್ರಿ ಎಂದರೆ ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವವನು. ಈಗೆಲ್ಲ ಹಲ್ಲನ್ನೂ ಮೊದಲು ಕಂಪ್ಯೂಟರಿನಲ್ಲಿ ಬಿಡಿಸಿ, ಆಮೇಲೆ ಯಂತ್ರದಲ್ಲಿ ಕೊರೆಯುತ್ತಾರಂತೆ. ಪಕ್ಕದ ಮನೆಯವನೇ ಆಜ್ಞೆ ಮಾಡುವ ತಂತ್ರಾಂಶ ಇರುವಾಗ ಬೇರೆಯದೇಕೆ ಎಂದು ಅವನೂ ಅದನ್ನೇ ತರಿಸಿಕೊಂಡ.

ಇತ್ತ ಆಫೀಸಿನಲ್ಲಿ ಒದ್ದೆಕೈಯ ಪಾಡು ಯಾರಿಗೂ ಬೇಡ. ಪ್ರೋಗ್ರಾಮರನ ಬಾಯಿಂದ ವಿಷಯ ಹೊರಡಿಸುವುದೆಂದರೆ ಮರಳು ಹಿಂಡಿ ಎಣ್ಣೆ ತೆಗೆಯುವ ಕೆಲಸ. ಅಲ್ಲಿನ ಮುಖ್ಯ ಪ್ರೋಗ್ರಾಮರನಿಗೆ ಗಡ್ಡ ಎಂದೇ ಹೆಸರು. ಎರಡೂ ಕಿವಿಗೆ ದಪ್ಪ ಹೆಡ್‌ಫೋನು, ಅದರ ಕೆಳಗೆಲ್ಲ ಗಡ್ಡ, ನಡುವೆ ಮಾತು ಹೊರಬರಲು ಜಾಗವೇ ಕಾಣುತ್ತಿರಲಿಲ್ಲ. ಒದ್ದೆಕೈ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದ. ನಿಂತು ಕೆಮ್ಮುತ್ತಿದ್ದ. ಕೊನೆಗೆ ಗಡ್ಡ ಒಂದು ಕಿವಿಯನ್ನು ಮಾತ್ರ ಬಿಡಿಸಿಕೊಳ್ಳುತ್ತಿದ್ದ.

“‘ಹಿಗ್ಗಿಸು’ ಅಂತ ಆಜ್ಞೆ ಇದೆಯಲ್ಲ, ಅದು ಕೊಟ್ರೆ ಏನಾಗುತ್ತೆ?”

“ಹಿಗ್ಗುತ್ತೆ ಸಾರ್.”

“ಎಷ್ಟು?”

“ಹೇಳಿದಷ್ಟು.”

“ಮತ್ತೆ ‘ಕುಗ್ಗಿಸು’?”

ಗಡ್ಡ ಅವನನ್ನು ಕನಿಕರದಿಂದ ನೋಡಿದ. “ಹಿಗ್ಗಿಸು ಇದ್ದ ಮೇಲೆ ಕುಗ್ಗಿಸು ಇರಲ್ವಾ ಸಾರ್? ತೋರಿಸು ಇದ್ರೆ ಅಡಗಿಸು, ಕೂಡಿಸು ಇದ್ರೆ ಬಿಡಿಸು. ಎಲ್ಲ ಜೋಡಿ ಜೋಡಿ. ಒಂದು ಗೊತ್ತಾದ್ರೆ ಇನ್ನೊಂದೂ ಗೊತ್ತಾದ ಹಾಗೇ. ಬರ್ಕೊಂಡು ಹೋಗಿ.”

ಕಿವಿ ಮತ್ತೆ ಮುಚ್ಚಿತು. ಆಫೀಸಿನಲ್ಲಿ ಅವನಿಗೆ ಸಿಕ್ಕ ಅತಿ ಉದ್ದದ ವಿವರಣೆ ಅದು. ಅದನ್ನೇ ವೇದವಾಕ್ಯ ಮಾಡಿಕೊಂಡು ಒದ್ದೆಕೈ ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಜೋಡಿ ಕೂಡಿಸುತ್ತ ಕೂತ. ಎಲ್ಲ ಸರಾಗವಾಗಿ ಸಾಗಿ ‘ಮೇಲೆತ್ತು’ ಎಂಬ ಆಜ್ಞೆಗೆ ಬಂದು ನಿಂತಿತು. ಗಡ್ಡ ಕೊಟ್ಟಿದ್ದ ಹಾಳೆಯಲ್ಲಿ ಅದಕ್ಕೆ ಜೋಡಿ ಇರಲಿಲ್ಲ. ಮರೆತಿರಬೇಕು, ಪಾಪ.

“ಇವಳೇ, ಮೇಲೆತ್ತೋದಕ್ಕೆ ಜೋಡಿ ಯಾವುದು?”

“ಏನನ್ನ ಎತ್ತೋದು?” ಎಂದಳು ಹೆಂಡತಿ.

“ಏನಾದ್ರೂ ಅಂದ್ಕೊ. ಡಬ್ಬಿ, ಲೋಟ, ಮುಚ್ಚಳ.”

“ಎತ್ತಿದ್ದನ್ನ ಸರಿಯಾಗಿ ಕೂರಿಸಿ ಅಂತ ಈ ಮನೆಗೆ ಬಂದ ದಿನದಿಂದ ಬಾಯಿ ಬಡ್ಕೋತಿದ್ದೀನಿ. ಒಂದು ದಿನಾನಾದ್ರೂ ಡಬ್ಬಿ ಮೇಲೆ ಮುಚ್ಚಳ ನೆಟ್ಟಗೆ ಕೂರ್ಸಿದ್ದೀರಾ?”

ಒದ್ದೆಕೈಗೆ ರೋಮಾಂಚನವಾಯಿತು. ‘ಕೂರಿಸು’. ಎಷ್ಟು ಸರಿಯಾದ ಮಾತು. ಆ ಉತ್ಸಾಹದಲ್ಲಿ ಬೇರೆ ಆಜ್ಞೆಗಳಿಗೆಲ್ಲ ಮೂರು ಸಾಲು ಬರೆದವನು ಇದೊಂದಕ್ಕೆ ಇಡೀ ಪುಟ ಬರೆದ. ಕೊಟ್ಟ ವಸ್ತುವನ್ನು ಅದರ ಕೆಳಗಿರುವ ವಸ್ತುವಿನ ಮೇಲೆ ಅಲುಗಾಡದಂತೆ, ಮುಳುಗದಂತೆ, ತೇಲದಂತೆ ಕೂರಿಸುತ್ತದೆ ಎಂದ. ಲೋಟ ಮೇಜಿನ ಮೇಲೆ, ಟೋಪಿ ತಲೆಯ ಮೇಲೆ, ಮುಚ್ಚಳ ಡಬ್ಬಿಯ ಮೇಲೆ ಎಂದು ಉದಾಹರಣೆ ಕೊಟ್ಟ. ಕೆಳಗೆ ಜಾಗವಿಲ್ಲದಿದ್ದರೆ ವಸ್ತು ಕೂರುವುದಿಲ್ಲ, ಬಲವಂತ ಮಾಡಬಾರದು ಎಂದು ಅಭ್ಯಾಸಬಲದಿಂದ ಎಚ್ಚರಿಕೆಯನ್ನೂ ಸೇರಿಸಿದ.

ಅದನ್ನು ಪರೀಕ್ಷಿಸಿ ನೋಡಿದನೇ ಎಂದು ಕೇಳಬೇಡಿ. ಇಸ್ತ್ರಿಪೆಟ್ಟಿಗೆಯನ್ನು ಒದ್ದೆ ಕೈಯಿಂದ ಮುಟ್ಟಿ ನೋಡಿ ಯಾರಾದರೂ ಆ ಸಾಲು ಬರೆಯುತ್ತಾರೆಯೇ? ಪರೀಕ್ಷಿಸಬೇಕಾದವನು ಗಡ್ಡ. ಕೈಪಿಡಿಯನ್ನು ಅವನಿಗೆ ಒಪ್ಪಿಗೆಗೆ ಕಳಿಸಿದಾಗ, ಒದ್ದೆಕೈ ತನ್ನ ಕುರ್ಚಿಗೆ ಮರಳಿ ಕೂರುವ ಮೊದಲೇ ‘ಒಪ್ಪಿದೆ’ ಎಂದು ಉತ್ತರ ಬಂದಿತ್ತು. ಕೈಪಿಡಿ ಹೊರಬಿತ್ತು.

ಲೋಕದಲ್ಲಿ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು ಇಬ್ಬರೇ. ಒಬ್ಬ ಬರೆದವನು, ಇನ್ನೊಬ್ಬ ಬರೆದವನ ಪಕ್ಕದ ಮನೆಯವನು. ಹಲ್ಲು ಮೇಸ್ತ್ರಿ ಓದುತ್ತ ಓದುತ್ತ ‘ಕೂರಿಸು’ ಬಂದಾಗ ಕುರ್ಚಿಯಿಂದ ಎದ್ದೇಬಿಟ್ಟ. ಅವನ ಜೀವಮಾನದ ಗೋಳು ಅದೇ. ಚಿತ್ರದಲ್ಲಿ ವಸಡಿನ ಮೇಲೆ ಹಲ್ಲು ಇಡುವಾಗ ಕೂದಲೆಳೆಯಷ್ಟು ಮೇಲಿದ್ದರೆ ಅಲುಗಾಟ, ಕೂದಲೆಳೆಯಷ್ಟು ಕೆಳಗಿದ್ದರೆ ನೋವು. ಒಂದು ಸೆಟ್ಟಿಗೆ ಕಣ್ಣು ಕಿತ್ತು ಬರುತ್ತಿತ್ತು. ಈಗ ಒಂದೇ ಸಾಲು, ಹಲ್ಲೆಲ್ಲ ತಾವೇ ಕೂರುತ್ತವೆ.

ಆ ಹೊತ್ತಿಗೆ ಮಾವನ ಹಳೆಯ ಸೆಟ್ಟು ಸಡಿಲವಾಗಿತ್ತು. ನಿವೃತ್ತರ ಸಂಘದ ಅಧ್ಯಕ್ಷ ಸ್ಥಾನಕ್ಕೆ ಅವರು ನಿಂತಿದ್ದರು, ಭಾಷಣ ಹತ್ತಿರ ಬಂದಿತ್ತು. “ಹೊಸದು ನಾಳೆಗೆ ರೆಡಿ ಯಜಮಾನ್ರೇ. ನಿಮ್ಮ ಅಳಿಯಂದ್ರೇ ಆಜ್ಞೆ ಬರೆದಿದ್ದಾರೆ, ನನ್ನದೇನಿದೆ?” ಎಂದು ಮೇಸ್ತ್ರಿ ಅಳತೆಗೆ ಹಳೆಯ ಸೆಟ್ಟು ತೆಗೆದುಕೊಂಡು ಹೋದ. ಹೋದವನು ಅದನ್ನು ಇಕ್ಕಳಕ್ಕೆ ಸಿಕ್ಕಿಸಿದ. ಅದು ಎರಡು ಹೋಳಾಯಿತು. ಆದರೇನಂತೆ, ಹೊಸದು ಬರುತ್ತದಲ್ಲ ಎಂದು ಕಂಪ್ಯೂಟರಿನ ಮುಂದೆ ಕೂತು ಟೈಪಿಸಿದ, ‘ಕೂರಿಸು’.

‘ಇಂಥ ಆಜ್ಞೆ ಇಲ್ಲ’ ಎಂದಿತು ಕಂಪ್ಯೂಟರು.

ಮೇಸ್ತ್ರಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದು ಬಾಗಿಲು ತಟ್ಟಿದ. ಒದ್ದೆಕೈ ತಾನೇ ಟೈಪಿಸಿ ನೋಡಿದ. ಕೈ ಒರೆಸಿಕೊಂಡು ಮತ್ತೊಮ್ಮೆ ಟೈಪಿಸಿದ. ಕಂಪ್ಯೂಟರು ಮಾತು ಬದಲಿಸಲಿಲ್ಲ. ಮಾವ ಹಿಂದಿನಿಂದ ಇಣುಕುತ್ತಿದ್ದರು, ಬಾಯಲ್ಲಿ ಒಂದೂ ಹಲ್ಲಿಲ್ಲ.

“ಇದು ನಿಮ್ಮ ಮಷೀನಿನ ದೋಷ,” ಎಂದ ಒದ್ದೆಕೈ.

“ಬೇರೆ ಎಲ್ಲ ಆಜ್ಞೆ ಕೇಳುತ್ತೆ ಸಾರ್. ಇದೊಂದಕ್ಕೇ ಹಠ.”

“ಹೊಸ ಆಜ್ಞೆ ನೋಡಿ, ಒಗ್ಗಿಕೊಳ್ಳೋಕೆ ಸ್ವಲ್ಪ ಸಮಯ ಬೇಕಾಗುತ್ತೆ.”

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತಾರೆ. ಒದ್ದೆಕೈಗೆ ಒಳಗೊಳಗೇ ಹೆದರಿಕೆ ಶುರುವಾಗಿತ್ತು. ಮೇಸ್ತ್ರಿ ಮಾತ್ರ ಅಷ್ಟಕ್ಕೆ ಸುಮ್ಮನಾಗುವವನಲ್ಲ. ಕಂಪನಿಗೆ ದೂರು ಬರೆದ. ಕೆಳಗೆ, ‘ಒಬ್ಬ ಹಿರಿಯರು ನಿಮ್ಮ ಆಜ್ಞೆಯನ್ನು ನಂಬಿ ಹಲ್ಲು ಕಳೆದುಕೊಂಡಿದ್ದಾರೆ’ ಎಂದೂ ಸೇರಿಸಿದ.

ಆಫೀಸಿನ ಮುಖ್ಯಸ್ಥೆ ಒದ್ದೆಕೈಯನ್ನು ಕೋಣೆಗೆ ಕರೆಸಿದಾಗ ಗಡ್ಡ ಅಲ್ಲಿ ಆಗಲೇ ಕೂತಿದ್ದ, ಎರಡೂ ಕಿವಿ ತೆರೆದು. ಅದನ್ನು ಕಂಡೇ ವಿಷಯ ಗಂಭೀರವೆಂದು ಒದ್ದೆಕೈಗೆ ಗೊತ್ತಾಯಿತು. ದೂರು ಒಂದೇ ಅಲ್ಲ. ನಾಟಕದ ರಂಗಸಜ್ಜಿಕೆ ಮಾಡುವವರು, ಹೋಟೆಲಿನ ಕೋಣೆ ಬಿಡಿಸುವವರು, ಪೀಠೋಪಕರಣ ಮಾರುವವರು, ಎಲ್ಲರದೂ ಒಂದೇ ಪ್ರಶ್ನೆ. ‘ಕೂರಿಸು’ ಯಾಕೆ ನಡೆಯುತ್ತಿಲ್ಲ?

“ಯಾಕೆ ಅಂದ್ರೆ ಅದು ಇಲ್ಲ,” ಎಂದ ಗಡ್ಡ. “ನಾನು ಮಾಡೇ ಇಲ್ಲ ಮೇಡಂ. ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿದಿದ್ದಾರೆ ಇವರು.”

“ಎಲ್ಲ ಜೋಡಿ ಜೋಡಿ ಅಂದಿದ್ದು ನೀವೇ ಅಲ್ವಾ?” ಎಂದ ಒದ್ದೆಕೈ. “ಮೇಲೆತ್ತು ಅಂತ ಕೊಟ್ಟಿದ್ದೀರಿ. ಎತ್ತಿದ ಮೇಲೆ ಜನ ಏನು ಮಾಡಬೇಕು? ಹಿಡ್ಕೊಂಡೇ ನಿಂತಿರಬೇಕಾ?”

“ಮೇಲೆತ್ತು ಅನ್ನೋದಕ್ಕೇ ಮೈನಸ್ ಹಾಕಿ ಕೊಟ್ರೆ ಕೆಳಗಿಳಿಯುತ್ತೆ ಸಾರ್.”

“ಎಷ್ಟು ಮೈನಸ್ಸು?”

“ಅದು ಲೆಕ್ಕ ಹಾಕ್ಕೋಬೇಕು. ಮೇಜಿನ ಎತ್ತರ, ಲೋಟದ ತಳ, ಎಲ್ಲ ನೋಡಿ.”

“ಲೋಟ ಕೆಳಗಿಡೋಕೆ ಯಾರಾದ್ರೂ ಲೆಕ್ಕ ಹಾಕ್ತಾರೇನ್ರೀ? ನಿಮ್ಮ ಮನೇಲಿ ಹಾಕ್ತೀರಾ?”

ಮುಖ್ಯಸ್ಥೆ ಕೈಯೆತ್ತಿ ಇಬ್ಬರನ್ನೂ ನಿಲ್ಲಿಸಿದರು. ಅವರು ಒಳ್ಳೆಯ ಹೆಂಗಸು, ಜಗಳ ಮುಗಿದರೆ ಸಾಕೆನ್ನುವವರು. ಒಂದು ಹಾಳೆ ಮುಂದೆ ಸರಿಸಿದರು. ಅದರಲ್ಲಿ, ‘“ಕೂರಿಸು” ಎಂಬ ಆಜ್ಞೆ ಇರುವುದಿಲ್ಲ. ಇದು ಬರಹಗಾರನ ಅಜಾಗರೂಕತೆಯಿಂದ ಆದ ತಪ್ಪು. ವಿಷಾದಿಸುತ್ತೇವೆ’ ಎಂದಿತ್ತು. ಕೆಳಗೆ ಅವನ ಸಹಿಗೆ ಗೆರೆ. ಇದು ಎಲ್ಲ ಗಿರಾಕಿಗಳಿಗೂ ಹೋಗುತ್ತದೆ, ಸಹಿ ಹಾಕಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಮೇಲಿನವರಿಗೆ ಏನು ಉತ್ತರ ಕೊಡಲಿ ಎಂದರು.

ಒದ್ದೆಕೈ ಪೆನ್ನು ತೆಗೆದದ್ದು ನಿಜ. ಅವನು ವೀರನೇನಲ್ಲ. ಕೆಲಸ ಹೋದರೆ ಮನೆಯಲ್ಲಿ ಮಾವನ ಎದುರು ದಿನವಿಡೀ ಕೂರಬೇಕಾಗುತ್ತದೆ ಎಂಬುದೊಂದೇ ಸಾಕಿತ್ತು ಅವನನ್ನು ಮಣಿಸಲು. ಪೆನ್ನಿನ ಮುಚ್ಚಳ ತೆಗೆಯುತ್ತಿರುವಾಗ ಗಡ್ಡ ಸಮಾಧಾನ ಹೇಳಲು ಹೋದ.

“ಬೇಜಾರು ಮಾಡ್ಕೋಬೇಡಿ ಸಾರ್. ಹೇಗೂ ಕೈಪಿಡಿ ಯಾರು ಓದ್ತಾರೆ? ನಾನೇ ಓದಲ್ಲ.”

ಒದ್ದೆಕೈಯ ಕೈ ನಿಂತಿತು. ಇಷ್ಟು ವರ್ಷ ಮಡಚಿದ ಹಾಳೆಗಳನ್ನು ಪೆಟ್ಟಿಗೆಯಿಂದ ತೆಗೆದು ಜನ ಡಬ್ಬಿಯ ತಳಕ್ಕೆ ಹಾಸುವುದನ್ನು ಅವನು ಕಣ್ಣಾರೆ ಕಂಡಿದ್ದ. ಹೊಟ್ಟೆಗೆ ಹಾಕಿಕೊಂಡಿದ್ದ. ಆದರೆ ಓದಿ ಒಪ್ಪಬೇಕಾದವನೇ ಓದಿಲ್ಲ ಎಂದು ನಗುತ್ತ ಹೇಳುವುದು, ಅಜಾಗರೂಕತೆ ಮಾತ್ರ ತನ್ನ ತಲೆಗೆ ಕಟ್ಟುವುದು, ಇದರಿಂದ ಅವನಿಗೆ ತಡೆಯಲಾರದಷ್ಟು ನೋವಾಯಿತು. ಆ ನೋವು ಅಲ್ಲಿಯೇ ಸಿಟ್ಟಾಯಿತು.

“ನಾನು ಸಹಿ ಹಾಕಲ್ಲ ಮೇಡಂ,” ಎಂದ. “ಆಜ್ಞೆ ಇದೆ.”

“ಎಲ್ಲಿದೆ?”

“ಕೈಪಿಡಿಯಲ್ಲಿದೆ. ಸಾಫ್ಟ್‌ವೇರಿನಲ್ಲಿ ಇಲ್ಲ ಅಂದ್ರೆ ಅದು ಸಾಫ್ಟ್‌ವೇರಿನ ತಪ್ಪು.”

ಪೆನ್ನಿನ ಮುಚ್ಚಳ ಹಾಕಿ ಹೊರಗೆ ಬಂದ. ಬಂದವನು ಮೆಟ್ಟಿಲ ಮೇಲೆ ಕೂತು ಬೇರೆ ಕೆಲಸದ ಜಾಹೀರಾತು ಹುಡುಕಿದ, ಅದು ಬೇರೆ ಮಾತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಜನ ನಗುತ್ತಾರೆ. ನಗಲಿ. ಮೀಸೆಯನ್ನು ಮಣ್ಣಾಗದಂತೆ ಹಿಡಿದುಕೊಂಡು ಬೀಳುವುದು ಎಷ್ಟು ಕಷ್ಟವೆಂದು ಬಿದ್ದವನಿಗೇ ಗೊತ್ತು.

ಮನೆಯಲ್ಲಿ ಸಭೆ ಸೇರಿತು. ಮೇಸ್ತ್ರಿಯೂ ಬಂದ, ತಪ್ಪಿತಸ್ಥನಂತೆ ಬಾಗಿಲ ಹತ್ತಿರ ಕೂತ. ಒದ್ದೆಕೈ ನಡೆದದ್ದನ್ನೆಲ್ಲ ಹೇಳಿದ. ಆಜ್ಞೆ ಮಾಡುವವನು ತಾನಲ್ಲ ಎಂಬುದನ್ನೂ ಹೇಳಿದ, ಆದರೆ ಸ್ವಲ್ಪ ಸಣ್ಣ ದನಿಯಲ್ಲಿ.

“ಹಾಗಾದ್ರೆ ತಪ್ಪು ನಿಮ್ಮದೇ,” ಎಂದರು ಮಾವ. ಹಲ್ಲಿಲ್ಲದ ಬಾಯಿಂದ ಬಂದ ಮಾತಿಗೆ ಇಲ್ಲಿ ಹಲ್ಲು ಕಟ್ಟಿಸಿಯೇ ಬರೆದಿದೆ, ಓದುಗರಿಗೆ ತೊಂದರೆಯಾಗದಿರಲಿ ಎಂದು. “ಸಹಿ ಹಾಕಿ ಮುಗಿಸಿ. ನನ್ನ ತನಿಖೆಯಲ್ಲಿ ಎಷ್ಟು ಜನ ಹೆಡ್‌ಮಾಸ್ಟರು ಸಹಿ ಹಾಕಿಲ್ಲ?”

“ಸಹಿ ಹಾಕಿದ್ರೆ ನಿಮ್ಮ ಹಲ್ಲು ಬರುತ್ತಾ ಅಪ್ಪ?” ಎಂದಳು ಹೆಂಡತಿ.

ಮಾವ ಮೇಸ್ತ್ರಿಯ ಕಡೆ ನೋಡಿದರು.

“ಬರಲ್ಲ ಯಜಮಾನ್ರೇ,” ಎಂದ ಮೇಸ್ತ್ರಿ. “ಕೈಯಲ್ಲಿ ಕೂರಿಸ್ತಾ ಹೋದ್ರೆ ಭಾಷಣ ಮುಗಿದ ಮೇಲೇ ನಿಮಗೆ ಹಲ್ಲು.”

“ಕೂರಿಸು ಅಂದಿದ್ದು ನಾನು,” ಎಂದಳು ಹೆಂಡತಿ ಒದ್ದೆಕೈ ಕಡೆ ತಿರುಗಿ. “ಅದನ್ನ ಇಲ್ಲ ಅನ್ನೋಕೆ ಆ ಗಡ್ಡ ಯಾರು? ಎತ್ತೋದು ಕಲ್ತು ಇಡೋದು ಕಲೀದೇ ಇರೋರು ಈ ಮನೇಲೂ ಇದ್ದಾರೆ, ಅವರಿಗೇನು ಇಲ್ಲಿ ಕೊರತೆ ಇಲ್ಲ. ಹಾಗಂತ ಇಡೋದೇ ಸುಳ್ಳಾ? ನೀವೇನಾದ್ರೂ ಆ ಕಾಗದಕ್ಕೆ ಸಹಿ ಹಾಕಿ ಬಂದ್ರೆ ಈ ಅಡುಗೆಮನೆಗೆ ಕಾಲಿಡಬೇಡಿ.”

ಹೆಂಡತಿ ತನ್ನ ಪರ ಮಾತಾಡಿದ್ದು ಒದ್ದೆಕೈಗೆ ನಂಬಲಾಗಲಿಲ್ಲ. ಮಧ್ಯೆ ತನಗೂ ಒಂದು ಏಟು ಬಿದ್ದದ್ದು ಗೊತ್ತಾದರೂ ಕಣ್ಣು ತುಂಬಿ ಬಂತು.

ಮಾವ ನಿರ್ಧಾರ ಬದಲಿಸಿದರು. ತನಿಖಾಧಿಕಾರಿ ಬದಲಿಸಿದರೆ ಪೂರ್ತಿ ಬದಲಿಸುತ್ತಾರೆ. ಮರುದಿನ ಆಫೀಸು ತೆರೆಯುವ ಹೊತ್ತಿಗೆ ಅವರು ಕೋಟು ಹಾಕಿಕೊಂಡು, ಕೈಪಿಡಿಯ ಆ ಒಂದು ಪುಟವನ್ನು ಕೈಯಲ್ಲಿ ಹಿಡಿದು, ಕಂಪನಿಯ ಮುಂಬಾಗಿಲ ಹತ್ತಿರದ ಮೆತ್ತನೆಯ ಕುರ್ಚಿಯಲ್ಲಿ ಕೂತಿದ್ದರು. ಸ್ವಾಗತಕಾರಿಣಿ ಏನು ಬೇಕೆಂದು ಕೇಳಿದಳು. ಮಾವ ಬಾಯಿ ಅಗಲ ತೆರೆದು ತೋರಿಸಿದರು. ಅವಳು ದಂತವೈದ್ಯರು ಮೇಲಿನ ಮಹಡಿಯಲ್ಲಿದ್ದಾರೆ ಎಂದಳು. ಮಾವ ತಲೆಯಲ್ಲಾಡಿಸಿ ಪುಟ ತೋರಿಸಿದರು.

“ಇದು ಆಗೋವರೆಗೆ ನಾನು ಏಳಲ್ಲ.”

ಅವಳು ಮುಖ್ಯಸ್ಥೆಗೆ ಫೋನು ಮಾಡಿದಳು. ಮುಖ್ಯಸ್ಥೆ ಒದ್ದೆಕೈಗೆ ಮಾಡಿದರು.

“ಕೆಳಗೆ ಒಬ್ಬರು ಕೂತಿದ್ದಾರೆ. ಯಾರು ಅಂತ ಗೊತ್ತಾ?”

“ನಮ್ಮ ಗಿರಾಕಿ ಮೇಡಂ,” ಎಂದ ಒದ್ದೆಕೈ, ಸಂಬಂಧದ ವಿಷಯ ಎತ್ತದೆ.

ಮಧ್ಯಾಹ್ನದವರೆಗೆ ಮಾವ ಒಳಗೆ ಬಂದವರಿಗೆಲ್ಲ ನಗುಮೊಗ ತೋರಿಸಿದರು. ಆ ನಗುವನ್ನು ಕಂಡವರು ಒಮ್ಮೆ ನಿಂತು ಆಮೇಲೆ ಬೇಗ ಬೇಗ ಒಳಗೆ ಹೋಗುತ್ತಿದ್ದರು. ಆಫೀಸಿನ ಜವಾನ ನೀರು ತಂದುಕೊಟ್ಟ. ಬಿಸ್ಕತ್ತು ತಂದುಕೊಟ್ಟದ್ದನ್ನು ಮಾವ ಅವನ ಕಡೆಗೇ ಹಿಡಿದು, ಇದನ್ನು ಯಾವುದರಿಂದ ತಿನ್ನಲಿ ಎಂದು ಕೇಳಿದರು. ಜವಾನ ಬಿಸ್ಕತ್ತು ಹಿಡಿದುಕೊಂಡೇ ಗಡ್ಡನ ಹತ್ತಿರ ಹೋಗಿ, “ಅದೇನೋ ಮಾಡಿಕೊಡಿ ಸಾರ್, ವಯಸ್ಸಾದವರು ಶಾಪ ಹಾಕಿದ್ರೆ ಒಳ್ಳೇದಲ್ಲ,” ಎಂದ. ಗಡ್ಡ ಎರಡೂ ಕಿವಿ ಮುಚ್ಚಿಕೊಂಡ.

ಅದೇ ದಿನ ಪೀಠೋಪಕರಣದ ದೊಡ್ಡ ಕಂಪನಿಯಿಂದ ಖರೀದಿ ಅಧಿಕಾರಿ ಬರುವವರಿದ್ದರು. ಬಂದರು. ಬಿಗಿಯಾಗಿ ಕೂದಲು ಕಟ್ಟಿದ, ಮಾತು ಕಡಿಮೆಯ ಹೆಂಗಸು. ಅವರನ್ನು ಎದುರುಗೊಳ್ಳಲು ಮುಖ್ಯಸ್ಥೆ, ಗಡ್ಡ, ಒದ್ದೆಕೈ ಮೂವರೂ ಕೆಳಗಿಳಿದಿದ್ದರು. ಒದ್ದೆಕೈಯನ್ನು ಕರೆತಂದದ್ದು ಒಂದೇ ಕಾರಣಕ್ಕೆ. ಆ ಆಜ್ಞೆ ತಪ್ಪಿನಿಂದ ಸೇರಿದ್ದು ಎಂದು ಅವನೇ ತನ್ನ ಬಾಯಿಂದ ಅವರಿಗೆ ಹೇಳಬೇಕು, ಆಗ ಸಹಿಯ ಮಾತು ಬಿಟ್ಟುಬಿಡುತ್ತೇನೆ ಎಂದು ಮುಖ್ಯಸ್ಥೆ ಮೆಟ್ಟಿಲ ಮೇಲೆ ಕಿವಿಯಲ್ಲಿ ಹೇಳಿದ್ದರು. ಹೇಳದಿದ್ದರೆ ನಾಳೆ ಬರುವ ಅಗತ್ಯವಿಲ್ಲ ಎಂದೂ ಹೇಳಿದ್ದರು.

ಅಧಿಕಾರಿಣಿ ಮಾವನ ಮುಂದೆ ನಿಂತರು.

“ಇವರು?”

ಮಾವ ಪುಟವನ್ನು ಅವರ ಕೈಗಿಟ್ಟರು. ಅವರು ಓದಿದರು. ಒದ್ದೆಕೈ ಅವರ ಕಣ್ಣನ್ನೇ ನೋಡುತ್ತಿದ್ದ. ಸಾಲು ಬಿಡದೆ, ಕೊನೆಯ ಎಚ್ಚರಿಕೆಯವರೆಗೂ ಓದಿದರು.

“ಬಲವಂತ ಮಾಡಬಾರದು,” ಎಂದು ಮೆಲ್ಲಗೆ ಅಂದರು. “ಇದನ್ನ ನಾನು ನಮ್ಮ ಹುಡುಗರಿಗೆಲ್ಲ ಓದಿ ಹೇಳಿದ್ದೀನಿ. ನಮ್ಮ ಚಿತ್ರಗಳಲ್ಲಿ ಸೋಫಾ ನೆಲದಿಂದ ಮೇಲೆ ತೇಲ್ತಿರುತ್ತೆ, ಮಂಚದ ಕಾಲು ನೆಲದೊಳಗೆ ಹೋಗಿರುತ್ತೆ. ಗಿರಾಕಿಗಳು ನಗ್ತಾರೆ. ನಾವು ಈ ಸಾಫ್ಟ್‌ವೇರ್ ತಗೊಳ್ಳೋದು ಈ ಒಂದು ಪುಟಕ್ಕೇ. ಇದು ಯಾವಾಗ ಕೆಲಸ ಮಾಡುತ್ತೆ?”

ಮುಖ್ಯಸ್ಥೆ ಒದ್ದೆಕೈಯನ್ನು ನೋಡಿದರು. ಗಡ್ಡ ನೋಡಿದ. ಮಾವ ನೋಡಿದರು. ಒದ್ದೆಕೈಗೆ ತಾನು ಹೇಳಬೇಕಾದ ವಾಕ್ಯ ಪೂರ್ತಿ ನೆನಪಿತ್ತು. ಅಭ್ಯಾಸ ಮಾಡಿಕೊಂಡೇ ಬಂದಿದ್ದ. ಆದರೆ ಜೀವಮಾನದಲ್ಲಿ ಮೊದಲ ಸಲ ತನ್ನ ಕಣ್ಣೆದುರೇ ತನ್ನ ಪುಟವನ್ನು ಕೊನೆಯವರೆಗೆ ಓದಿದ ಮನುಷ್ಯರ ಎದುರು ನಿಂತು ಆ ಪುಟ ಸುಳ್ಳು ಎನ್ನಲು ಅವನಿಗೆ ನಾಲಗೆ ಏಳಲಿಲ್ಲ.

“ನಾನು ಬರೆದಾಗಿದೆ ಮೇಡಂ,” ಎಂದ. “ಇವರು ಮಾಡೋದು ಬಾಕಿ ಇದೆ. ಇವರನ್ನೇ ಕೇಳಿ.” ಎಂದು ಗಡ್ಡನ ಕಡೆ ಬೆರಳು ತೋರಿಸಿದ.

ಅಧಿಕಾರಿಣಿ ಗಡ್ಡನ ಕಡೆ ತಿರುಗಿದರು. ಗಡ್ಡ ಹೆಡ್‌ಫೋನಿಗಾಗಿ ಕತ್ತು ಮುಟ್ಟಿಕೊಂಡ, ಅದು ಮೇಲೆ ಮೇಜಿನ ಮೇಲಿತ್ತು.

“ಮಾಡ್ತಿದ್ದೀವಿ,” ಎಂದರು ಮುಖ್ಯಸ್ಥೆ ಅವನ ಪರವಾಗಿ. ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಯಾವ ಮುಖ್ಯಸ್ಥೆ ತಾನೇ ಬೇರೆ ಮಾತಾಡುತ್ತಾರೆ? ಮಾವ ಆ ಮಾತನ್ನು ಇನ್ನೊಮ್ಮೆ ಹೇಳಿಸಿ, ಸ್ವಾಗತಕಾರಿಣಿಯನ್ನು ಸಾಕ್ಷಿ ಮಾಡಿಕೊಂಡು, ಕೋಟು ಕೊಡವಿ ಎದ್ದರು.

ಆಮೇಲೆ ಗಡ್ಡ ಒದ್ದೆಕೈಯ ಮೇಜಿನ ಹತ್ತಿರ ಬಂದು ನಿಲ್ಲುವ ದಿನಗಳು ಶುರುವಾದವು. ನಿಂತು ಕೆಮ್ಮುತ್ತಿದ್ದ.

“ಸಾರ್, ಟೋಪಿ ತಲೆ ಮೇಲೆ ಅಂತ ಬರೆದಿದ್ದೀರಿ. ತಲೆ ವಾಲಿದ್ರೆ ಟೋಪಿ ನೆಟ್ಟಗಿರಬೇಕಾ, ವಾಲಬೇಕಾ?”

ಒದ್ದೆಕೈಗೆ ಅದರ ಗಂಧಗಾಳಿಯೂ ಇರಲಿಲ್ಲ. ಆದರೂ ಕಣ್ಣು ಮುಚ್ಚಿ ಗಂಭೀರವಾಗಿ, “ವಾಲಬೇಕು. ಆದ್ರೆ ಬೀಳಬಾರದು,” ಎಂದ. ಸಂಜೆ ಮನೆಯಲ್ಲಿ ಮಾವನ ತಲೆಯ ಮೇಲೆ ಟೋಪಿಯಿಟ್ಟು, ಅತ್ತ ಇತ್ತ ವಾಲಿಸಿ ನೋಡಿ, ಸದ್ಯ ಸರಿಯಾಗಿಯೇ ಹೇಳಿದ್ದೇನೆ ಎಂದು ಉಸಿರುಬಿಟ್ಟ. ಮಾವನೂ ಸಹಕರಿಸಿದರು. ಮುಚ್ಚಳದ ವಿಷಯದಲ್ಲಿ ಹೆಂಡತಿಯೇ ಗುರು. ಅವಳು ತೋರಿಸಿದ್ದನ್ನು ಅವನು ನೋಡಿಕೊಂಡು ಹೋಗಿ ಗಡ್ಡನಿಗೆ ಹೇಳುವುದು, ಅವನು ತಲೆದೂಗುತ್ತ ಬರೆದುಕೊಳ್ಳುವುದು ನಡೆಯಿತು.

‘ಕೂರಿಸು’ ಕೆಲಸ ಮಾಡಿತು. ಮೊದಲು ಕೂತದ್ದು ಮಾವನ ಹಲ್ಲು. ಪರೀಕ್ಷೆಗೆಂದು ಕಂಪನಿ ಮೊದಲೇ ಕಳಿಸಿದ ಪ್ರತಿಯಲ್ಲಿ ಮೇಸ್ತ್ರಿ ಒಂದು ಸ್ಕ್ರಿಪ್ಟು ಬರೆದು ಗುಂಡಿ ಒತ್ತಿದ, ಮೇಲಿನ ಸಾಲು ಕೆಳಗಿನ ಸಾಲು ಟಕಟಕ ಕೂತವು. ಹೊಸ ಹಲ್ಲು ಹಾಕಿಕೊಂಡ ಮಾವ ಅದರಿಂದ ಮೊದಲು ಕಚ್ಚಿದ್ದು ಅಳಿಯನನ್ನೇ. ಮಾಡದ ಆಜ್ಞೆಯನ್ನು ಮಾಡಿದೆನೆಂದು ತನ್ನೆದುರು ಹೇಳಿದ್ದಕ್ಕೆ ಊಟದ ಹೊತ್ತು ಪೂರ್ತಿ, ಒಂದಕ್ಷರವೂ ಜಾರದಂತೆ, ಸ್ಪಷ್ಟವಾಗಿ ಬೈದರು. ಸಂಘದ ಭಾಷಣಕ್ಕೆ ಅದೇ ಅಭ್ಯಾಸವಾಯಿತು. ಗೆದ್ದರು.

ಹೊಸ ಆವೃತ್ತಿ ಹೊರಡುವ ಹಿಂದಿನ ದಿನ ಮುಖ್ಯಸ್ಥೆ ಒದ್ದೆಕೈಯನ್ನು ಮತ್ತೆ ಕೋಣೆಗೆ ಕರೆದರು. ಮುಖದಲ್ಲಿ ನಗುವಿತ್ತು. ಹೊಸ ಆವೃತ್ತಿಯ ಜೊತೆ ಏನೇನು ಬದಲಾಗಿದೆ ಎಂದು ಗಿರಾಕಿಗಳಿಗೆ ಸಹಿಯೊಂದಿಗೆ ಒಂದು ಟಿಪ್ಪಣಿ ಹೋಗುತ್ತದೆ. ಅದರಲ್ಲಿ ಎರಡೇ ಭಾಗ. ಇದುವರೆಗೆ ಇಲ್ಲದ್ದನ್ನು ಸೇರಿಸಿದ್ದರೆ ‘ಹೊಸತು’. ಇದ್ದದ್ದು ಕೆಟ್ಟು ಸರಿಪಡಿಸಿದ್ದರೆ ‘ದುರಸ್ತಿ’.

“ಹಳೇದೆಲ್ಲ ಮರೆತುಬಿಡೋಣ,” ಎಂದರು. “‘ಹೊಸತು’ ಅನ್ನೋದರ ಕೆಳಗೆ ಮೊದಲನೇ ಸಾಲಿಗೇ ‘ಕೂರಿಸು’ ಹಾಕಿಬಿಡಿ. ನಿಮಗೂ ಸಂತೋಷ, ಅವನಿಗೂ ಸಂತೋಷ.”

ಗಡ್ಡ ಪಕ್ಕದಲ್ಲಿ ಕೂತು, ಹೌದು ಎಂಬಂತೆ ಗಡ್ಡ ನೀವಿಕೊಂಡ.

“ಹೊಸತು ಅಂದ್ರೆ ಮೊದಲು ಇರಲಿಲ್ಲ ಅಂತ ಆಯ್ತಲ್ಲ ಮೇಡಂ,” ಎಂದ ಒದ್ದೆಕೈ.

“ಇರಲಿಲ್ವಲ್ಲ.”

“ಇತ್ತು. ನಡೀತಿರಲಿಲ್ಲ.”

ಮುಖ್ಯಸ್ಥೆಯ ನಗು ಅರ್ಧಕ್ಕೆ ನಿಂತಿತು. “ಇವರೇ, ನಿಮ್ಮ ಕೆಲಸ ಉಳೀತು. ಆಜ್ಞೆ ಬಂತು. ಎಲ್ಲ ಸುಖವಾಗಿ ಮುಗೀತು. ಇನ್ನೂ ಯಾಕೆ ಹಠ?”

“ಹಠ ಅಲ್ಲ ಮೇಡಂ. ಅಜಾಗರೂಕತೆ ಅಂತ ಬರೆದು ನನ್ನ ಮುಂದೆ ಇಟ್ಟಿದ್ರಿ. ಹೊಸತು ಅಂತ ನಾನೇ ಬರೆದ್ರೆ ಅದನ್ನ ಒಪ್ಪಿಕೊಂಡ ಹಾಗಾಯ್ತು. ನಾನು ‘ದುರಸ್ತಿ’ಯ ಕೆಳಗೆ ಹಾಕ್ತೀನಿ.”

“ಅದಕ್ಕೆ ನಾನು ಸಹಿ ಹಾಕಲ್ಲ,” ಎಂದ ಗಡ್ಡ.

“ನೀವು ಹಾಕೋದು ಬೇಡ ಬಿಡಿ,” ಎಂದ ಒದ್ದೆಕೈ. ಪೆನ್ನು ತೆಗೆದ. ಮುಖ್ಯಸ್ಥೆಯ ಮೇಜಿನ ಮೇಲೆಯೇ ಹಾಳೆ ಇಟ್ಟುಕೊಂಡು ಬರೆದು, ಕೆಳಗೆ ಅಪ್ಪ ಅಮ್ಮ ಇಟ್ಟ ಹೆಸರನ್ನು ಪೂರ್ತಿಯಾಗಿ, ಗುಂಡಗೆ ಸಹಿ ಮಾಡಿ, ಅವರ ಕಡೆಗೆ ಸರಿಸಿದ. ಮುಖ್ಯಸ್ಥೆ ಓದಿದರು. ಗಡ್ಡ ಬಗ್ಗಿ ಓದಿದ.

‘ದುರಸ್ತಿ: “ಕೂರಿಸು” ಆಜ್ಞೆ ಇದುವರೆಗೆ ಕೆಲಸ ಮಾಡುತ್ತಿರಲಿಲ್ಲ. ಈಗ ಮಾಡುತ್ತದೆ. ಕೈಪಿಡಿಯಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಿ ಬಂದಿಲ್ಲ.’